ಕೋಟೆ ಬಗಲಿಗೊಂದು ಬಾಡಿಗೆ ರೂಮು

ನಮ್ಮ ಅಕ್ಕನ ಮಗಳು ರಾಯಚೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆ. ಹೇಳುವುದಕ್ಕೆ ರಾಯಚೂರು. ಕಾಲೇಜು ಇರುವುದು ಊರು ದಾಟಿದ ಮೇಲೆ, ದೊಡ್ಡ ರಸ್ತೆಯ ಬದಿಗೆ. ಕ್ಲಾಸು, ಹಾಸ್ಟೆಲು, ಮೆಸ್ಸು, ಜೆರಾಕ್ಸ್ ಅಂಗಡಿ ಎಲ್ಲಾ ಒಂದೇ ಕಾಂಪೌಂಡಿನೊಳಗೆ ಸಿಗುತ್ತವೆ. ಅವಳ ಪಾಲಿಗೆ ರಾಯಚೂರು ಅಂದರೆ ಬಸ್‌ಸ್ಟ್ಯಾಂಡು. ಹಬ್ಬಕ್ಕೋ ರಜೆಗೋ ಟಂಟಂ ಹತ್ತಿ ಅಲ್ಲಿಗೆ ಬರುತ್ತಾಳೆ, ಸಿಂಧನೂರು ಬಸ್ಸು ಹಿಡಿಯುತ್ತಾಳೆ. ಬಸ್‌ಸ್ಟ್ಯಾಂಡಿನ ಬಗಲಿಗೇ ಕೋಟೆ ಇದೆ. ಅದರ ಗೋಡೆ ನೋಡಿದ್ದಾಳೆ, ಒಳಗೆ ಕಾಲಿಟ್ಟಿಲ್ಲ. ಮೊನ್ನೆ ಮಾತಿನ ನಡುವೆ ನಾನು ತೀನ್ ಕಂದೀಲ್ ಅಂದೆ. "ಅದೇನ್ ಮಾಮ, ಹೋಟೆಲ್ಲಾ?" ಅಂತ ಕೇಳಿದಳು.

ನಗು ಬಂತು. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಅವಳ ತಪ್ಪೇನೂ ಇಲ್ಲ ಇದರಲ್ಲಿ. ಊರೊಳಗೆ ಅವಳಿಗೆ ಕೆಲಸವಿಲ್ಲ, ಸುಮ್ನೆ ಯಾಕೆ ಬರಬೇಕು? ನನ್ನನ್ನು ಕಾಡಿದ್ದು ಇದರ ಇನ್ನೊಂದು ಮಗ್ಗುಲು. ಊರಿಗೂ ಅವಳಿಂದ ಏನೂ ಆಗಬೇಕಾಗಿಲ್ಲ. ಸಾವಿರಾರು ಮಕ್ಕಳು ಇಲ್ಲಿ ಬಂದು ಓದಿ ಹೋಗುತ್ತಾರೆ, ರಾಯಚೂರಿಗೆ ಅವರ ಗುರುತೇ ಹತ್ತುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಇಲ್ಲಿ ಬಿ.ಎ. ಓದುವಾಗ ಹೀಗಿರಲಿಲ್ಲ. ಹಾಗಂತ ಆಗ ಎಲ್ಲಾ ಚೆನ್ನಾಗಿತ್ತು ಅನ್ನುವುದಕ್ಕೂ ಈ ಬರಹ ಹೊರಟಿಲ್ಲ. ಅದರ ಮಾತು ಮುಂದೆ ಬರುತ್ತದೆ, ಅವಳೇ ಎತ್ತಿದಳು.

ಡಿಸೆಂಬರಿನ ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೊರಟೆ. ಡಿಸೆಂಬರ್ ಯಾಕೆ ಅಂತ ಇಲ್ಲಿನ ಬಿಸಿಲು ಕಂಡ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಗೋಡೆಯ ನೆರಳು

ಬೆಳಿಗ್ಗೆ ಹೊತ್ತು ಒಳಕೋಟೆಯ ಪಡುವಣ ಗೋಡೆಯ ಹೊರಮೈ ಪೂರ್ತಿ ನೆರಳಿನಲ್ಲಿರುತ್ತದೆ. ಓದುವ ಕಾಲದಲ್ಲಿ ನಾವು ಈ ಗೋಡೆಯನ್ನು ಇತಿಹಾಸ ಅಂತ ನೋಡಿದವರಲ್ಲ. ನೆರಳು ಅಂತ ನೋಡಿದವರು. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಹೋಗುವಾಗ ಯಾವ ಗೋಡೆ ಯಾವ ಹೊತ್ತಿಗೆ ತಂಪು, ಯಾವ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಹತ್ತಿರ ನಿಂತು ಬಿಸಿಲು ತಡೆಯುತ್ತವೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಹತ್ತು ಗಂಟೆಯೊಳಗೆ ಗೋಡೆಯ ಬಗಲಿಗೆ, ಆಮೇಲೆ ಓಣಿಯೊಳಗೆ. ಸಂಜೆ ಮಾತ್ರ ಗೋಡೆಯ ಹತ್ತಿರ ಸುಳಿಯಬಾರದು, ಹಗಲೆಲ್ಲ ಕುಡಿದ ಬಿಸಿಲನ್ನು ಆ ಕಲ್ಲು ಆಗ ಕಾರುತ್ತದೆ. ಕಾಲೇಜು, ಖಾನಾವಳಿ, ಟಾಕೀಸು, ಹಳೇ ಪುಸ್ತಕದ ಬಂಡಿ ಎಲ್ಲವೂ ಕಾಲ್ನಡಿಗೆಯ ದಾರಿ. ಸೈಕಲ್ ಇದ್ದವನು ಸಾಹುಕಾರ. ಊರು ನಡೆದಾಡುವುದಕ್ಕೆ ಚೆಂದ ಇತ್ತು ಅಂತ ಈಗ ಹೇಳುತ್ತೇವೆ, ಆಗ ಅದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಈಗಿನ ಅಗಲ ರಸ್ತೆಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಐದು ನಿಮಿಷ ನಡೆದು ನೋಡಿ. ರಸ್ತೆ ಅಗಲವಾದಷ್ಟೂ ನಡೆಯುವವನಿಗೆ ಊರು ದೂರವಾಗುತ್ತದೆ.

ಆ ಗೋಡೆಯಲ್ಲೇ ಆ ಕಲ್ಲಿದೆ. ರಾಯಚೂರಿನವರಿಗೆ ಗೊತ್ತಿರುವ ಕಲ್ಲು. 41 ಅಡಿಗೂ ಜಾಸ್ತಿ ಉದ್ದದ ಒಂದೇ ಚಪ್ಪಡಿ, ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಕಡೆಯ ವಿಠಲನಾಥ ಕೋಟೆ ಕಟ್ಟಿಸಿದ ಲೆಕ್ಕ ಅದರಲ್ಲಿದೆ. ನನಗೆ ಶಾಸನಕ್ಕಿಂತ ಪಕ್ಕದ ಚಿತ್ರ ಇಷ್ಟ. ಆ ಚಪ್ಪಡಿಯನ್ನು ಗಣಿಯಿಂದ ಇಲ್ಲಿಗೆ ಹೇಗೆ ತಂದರು ಅನ್ನುವುದನ್ನು ಅದೇ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು, ಹೊಡೆಯುವ ಆಳುಗಳು. ನಾನು ಎಷ್ಟೋ ಸಲ ನೋಡಿದ್ದರೂ ಕಣ್ಣು ಕೋಣಗಳ ಮೇಲೇ ಹೋಗುತ್ತಿತ್ತು. ಇವಳು ಸೀದಾ ಗಾಲಿ ನೋಡಿದಳು. "ಮಾಮ, ಗಾಲಿಗೆ ಅರ ಇಲ್ಲ ನೋಡ್ರಿ. ಇಡೀ ಗಾಲಿ ಗಟ್ಟಿ ಐತಿ. ಹಿಂದಿನೋರು ಸನ್ನಿಕೋಲು ಹಾಕಿ ಎಬ್ಬಸ್ಲಿಕತ್ತಾರ." ಹೌದು, ಹಿಂದೆ ನಿಂತವರು ಗಾಲಿಗೆ ಸನ್ನೆಕೋಲು ಕೊಟ್ಟು ತಳ್ಳುತ್ತಿದ್ದಾರೆ. ಆಮೇಲೆ ಅವಳು ಗೋಡೆಯ ಕಲ್ಲುಗಳ ಸಂದಿಯಲ್ಲಿ ಉಗುರು ಆಡಿಸಿ ನೋಡಿದಳು. ಗಾರೆ ಇಲ್ಲ. ಒಳಗೋಡೆಯ ಕಲ್ಲುಗಳು ಬರೀ ಕೆತ್ತನೆಯ ನೇರಕ್ಕೆ ಒಂದರ ಮೇಲೊಂದು ಕೂತಿವೆ. ಹೊರಗೋಡೆ ಆಮೇಲಿನ ಸುಲ್ತಾನರ ಕಾಲದ್ದು, ಅದರ ಕಲ್ಲು ಒರಟು. "ನಮಗ ಲ್ಯಾಬಿನಾಗ ಬರೇ ಸಿಮೆಂಟ್ ಟೆಸ್ಟ್ ಮಾಡಿಸ್ತಾರ" ಅಂದು ನಕ್ಕಳು. ಅವಳ ಕಾಲೇಜಿನಿಂದ ಇಲ್ಲಿಗೆ ಯಾರೂ ಅವರನ್ನು ಕರೆದುಕೊಂಡು ಬಂದಿಲ್ಲ. ಪ್ರವಾಸ ಅಂತ ಮೈಸೂರಿಗೆ ಹೋಗಿದ್ದಾರೆ.

ಅಲ್ಲಿಂದ ಒಳಗೆ ಹೋದೆವು. 1513ರ ಏಕ್ ಮಿನಾರ್ ಮಸೀದಿ ನೋಡಿದೆವು. ಮಿನಾರು ನಿಜವಾಗಿಯೂ ಒಂದೇ, ಇನ್ನೊಂದಕ್ಕೆ ಹುಡುಕಬೇಡಿ. ತೀನ್ ಕಂದೀಲ್‌ಗೆ ಬಂದು ನಿಂತೆವು. ಹೋಟೆಲ್ ಅಲ್ಲ, ಊರೊಳಗಿನ ಒಂದು ಸರ್ಕಲ್ಲು ಅಂತ ಅವಳಿಗೂ ಗೊತ್ತಾಯಿತು. ಒಗ್ಗರಣಿ ಮಿರ್ಚಿ ತಿಂದೆವು, ಅದು ಇಲ್ಲದೆ ಈ ದಾರಿ ಮುಗಿಯುವುದಿಲ್ಲ.

ಚುಕ್ಕಿ ಇಲ್ಲದ ಹೆಸರು

ಅಲ್ಲಿಗೆ ಹತ್ತಿರದ ಒಂದು ಓಣಿಯಲ್ಲಿ ನನ್ನ ರೂಮು ಇತ್ತು. ಕೆಳಗೆ ಮಾಲೀಕರು, ಮೇಲೆ ನಾವು. ಅವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತಿದ್ದೆವು. ತಹಸೀಲ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಶಾಲೆಯಲ್ಲಿ ಓದಿದ್ದೆಲ್ಲ ಉರ್ದು, ನಿಜಾಮರ ಕಾಲ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ ಬರೆದದ್ದು ಕನ್ನಡ. ಮನೆಯ ಮಾತು ಅಪ್ಪಟ ರಾಯಚೂರು ಕನ್ನಡ. ಕಿರಾಣಿ ಲೆಕ್ಕ ಮಾತ್ರ ಕೊನೆತನಕ ಉರ್ದು ಅಂಕಿಯಲ್ಲೇ ಇಟ್ಟರು, ಕಾಕಿಗೆ ಗೊತ್ತಾಗಬಾರದು ಅಂತ ಇರಬೇಕು ಅನ್ನುವುದು ನಮ್ಮ ಗುಮಾನಿ.

ಅವರ ಬಾಗಿಲಿಗೆ ಹಳ್ಳಿಗಳಿಂದ ಜನ ಬರುತ್ತಿದ್ದರು. ಟವಲಿನಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೇ ಹೊಲದ ಕಾಗದ. ಸೇತ್ವಾರ್, ಪಹಣಿ, ಕೆಲವು ಸಲ ಖರೀದಿ ಪತ್ರ. ಎಲ್ಲಾ ಉರ್ದುವಿನಲ್ಲಿ. ಈ ಕಡೆಯ ರೈತರ ಮನೆಯ ಟ್ರಂಕುಗಳಲ್ಲಿ ಇಂಥ ಕಾಗದ ಈಗಲೂ ಇವೆ. ಹೊಲ ತಮ್ಮದು, ಕಾಗದ ತಮ್ಮದು, ಅದರಲ್ಲಿ ಏನಿದೆ ಅಂತ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾಕಾ ಓದುತ್ತಿದ್ದರು. ಕೈ ನಡುಗುತ್ತಿದ್ದುದರಿಂದ ಬರೆಯುವುದಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಜಿನೆಯ, ಅಂದರೆ ಮೆಟ್ಟಿಲ, ಕೆಳಗೆ ನಿಂತು "ಏ, ಮ್ಯಾಲೆ ಯಾರ್ ಅದೀರಿ? ಒಬ್ಬಾಂವ ಪೆನ್ನು ತಗೊಂಡು ಬಾರಪ್ಪಾ" ಅಂತ ಕೂಗುತ್ತಿದ್ದರು. ಪರೀಕ್ಷೆ ಇದ್ದರೂ ಬಿಡುತ್ತಿರಲಿಲ್ಲ. "ಪರೀಕ್ಷೆ ಮುಂದಿನ ವಾರ ಐತಿ. ಇವರ ಕೋರ್ಟ್ ತಾರೀಖು ನಾಳಿ ಐತಿ."

ಒಂದು ಮಧ್ಯಾಹ್ನ ಮಾನ್ವಿ ಕಡೆಯಿಂದ ವಯಸ್ಸಾದ ಒಬ್ಬರು ಬಂದಿದ್ದರು. ಕಾಗದ ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಗಳಲ್ಲಿ ಹರಿದಿತ್ತು. ಕಾಕಾ ಅದನ್ನು ಪಂಚಾಂಗದ ಮೇಲೆ ಹರಡಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಮೊದಲು ತಮ್ಮಷ್ಟಕ್ಕೆ ಉರ್ದುವಿನಲ್ಲಿ ಗುನುಗಿದರು, ಆಮೇಲೆ ಕನ್ನಡದಲ್ಲಿ ಹೇಳಿದರು. ನಾನು ಬರೆದೆ. ಸರ್ವೇ ನಂಬರು. ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಇಷ್ಟು ಎಕರೆ, ಇಷ್ಟು ಗುಂಟೆ. ಫಸಲಿ 1340, ಅಂದರೆ ನಿಜಾಮರ ಕಾಲದ ಕಂದಾಯದ ವರ್ಷ. "590 ಕೂಡಿಸು" ಅಂದರು. 1930 ಅಂತ ಬರೆದೆ. ಹೆಸರಿಗೆ ಬಂದಾಗ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಚುಕ್ಕಿ ಹಾಕಿಲ್ಲೋ ಇಂವ. ಬಸಪ್ಪ ಅಂತನೂ ಓದಬೌದು, ಬಸಣ್ಣ ಅಂತನೂ ಓದಬೌದು."

ಬರಹಗಾರ ಅವಸರದಲ್ಲಿ ಓಡು ಅಕ್ಷರದಲ್ಲಿ ಬರೆದು ಹೋಗಿದ್ದ. ಆ ಲಿಪಿಯಲ್ಲಿ ನಡುವಿನ ಅಕ್ಷರ ಎರಡಕ್ಕೂ ಒಂದೇ ಹಲ್ಲು. ಮೇಲೆ ಒಂದು ಚುಕ್ಕಿ ಇದ್ದರೆ ಬಸಣ್ಣ, ಕೆಳಗೆ ಮೂರು ಚುಕ್ಕಿ ಇದ್ದರೆ ಬಸಪ್ಪ. ಇಲ್ಲಿ ಎರಡೂ ಇಲ್ಲ. ಆ ಹಿರಿಯರ ಮುಖ ಸಣ್ಣದಾಯಿತು. "ಬಸಣ್ಣ ನಮ್ಮ ಅಜ್ಜರೀ. ಬಸಪ್ಪ ಅಂದ್ರ ಅವನ ತಮ್ಮ. ಅವನ ಮೊಮ್ಮಕ್ಕಳ ಕೂಡೇ ನಮ್ಮ ಕೇಸ್ ನಡದದ." ನಾನು ಪೆನ್ನು ಹಿಡಿದು ಕಾಕಾನ ಮುಖ ನೋಡಿದೆ. ಬಸಣ್ಣ ಅಂತ ಬರೆದರೆ ಕೇಳುವವರು ಯಾರೂ ಇರಲಿಲ್ಲ. ಕಾಕಾ ಹೇಳಿದ್ದು ಇಷ್ಟು: "ಎರಡೂ ಬರಿ. ಕಂಸ ಹಾಕಿ, ಚುಕ್ಕಿ ಕಾಣಂಗಿಲ್ಲ ಅಂತ ಬರಿ." ಹಿರಿಯರಿಗೆ ದಫ್ತರದಿಂದ ಅದೇ ನಂಬರಿನ ಮುಂದಿನ ವರ್ಷಗಳ ನಕಲು ತೆಗೆಸಿ ತರುವುದಕ್ಕೆ ಹೇಳಿದರು, ಅದರಲ್ಲಿ ಬೇರೆ ಕೈ ಬರೆದಿದ್ದರೆ ಚುಕ್ಕಿ ಇರಬಹುದು ಅಂತ. ದುಡ್ಡು ಮುಟ್ಟಲಿಲ್ಲ. ಯಾವತ್ತೂ ಮುಟ್ಟುತ್ತಿರಲಿಲ್ಲ. ಸುಗ್ಗಿಯಲ್ಲಿ ಯಾರಾದರೂ ಶೇಂಗಾ ತಂದುಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ, ಅದರಲ್ಲಿ ನಮಗೂ ಪಾಲಿತ್ತು.

ಆ ವರ್ಷ ನಮ್ಮ ಇತಿಹಾಸದ ಪೇಪರಿನಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗನ ಕಂದಾಯ ಸುಧಾರಣೆಗಳು ಅನ್ನುವ ಪಾಠವಿತ್ತು. ನೋಟ್ಸಿನಿಂದ ಪಾಯಿಂಟುಗಳನ್ನು ಉರು ಹೊಡೆದು ಬರೆದೆ, ಅಂಕ ಬಂತು. ಅದರಲ್ಲಿ ಒಂದು ಪಾಯಿಂಟೂ ಈಗ ನೆನಪಿಲ್ಲ. ಫಸಲಿಗೆ 590 ಕೂಡಿಸಬೇಕು ಅನ್ನುವುದು ಮರೆತಿಲ್ಲ.

ಇಂಥ ಬಿಟ್ಟಿ ಕೆಲಸಗಳು ಎಷ್ಟೋ. ಪೋಸ್ಟಾಫೀಸಿನ ಮುಂದೆ ಹಾಯ್ದರೆ ಮನಿ ಆರ್ಡರ್ ಫಾರ್ಮ್ ತುಂಬಿಕೊಡಬೇಕು. ಬ್ಯಾಂಕಿನಲ್ಲಿ ಚಲನ್. ಗಂಜಿನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ಹತ್ತಿ ಮಾರಿ ಬಂದ ದೊಡ್ಡಪ್ಪನೊಬ್ಬ ದಲಾಲಿ ಅಂಗಡಿಯ ಪಟ್ಟಿ ಹಿಡಿದು "ಇದನ್ನ ಸ್ವಲ್ಪ ಕೂಡಿಸಿ ನೋಡಪ್ಪ" ಅಂದರೆ ನಿಂತು ಕೂಡಿಸಬೇಕು. ತೂಕ, ಹಮಾಲಿ, ಕಡಿತ ಅಂತ ಏನೇನು ಕಳೆದಿದ್ದಾರೆ ಅಂತ ಹಾಗೇ ಗೊತ್ತಾಗುತ್ತಿತ್ತು. ಕೈಯಲ್ಲಿ ಪುಸ್ತಕ ಹಿಡಿದು ಓಣಿಯಲ್ಲಿ ನಡೆಯುವವನು ಊರಿನ ಪಾಲಿಗೆ ಓದು ಬರುವವನು. ತಡೆದು ನಿಲ್ಲಿಸುವ ಹಕ್ಕು ಎಲ್ಲರಿಗೂ ಇತ್ತು. ನಮಗೆ ರೇಜಿಗೆ ಆಗುತ್ತಿತ್ತು, ಬೈದುಕೊಳ್ಳುತ್ತಲೇ ಮಾಡುತ್ತಿದ್ದೆವು. ನಡೆದು ಹೋಗುವವನನ್ನು ತಡೆಯಬಹುದು. ಕಾಲೇಜಿನ ಬಸ್ಸನ್ನು ಯಾರು ತಡೆಯುತ್ತಾರೆ?

ಹಮ್‌ದರ್ದ್

ಕಾಕಾ ತಾರಾನಾಥರ ಹೆಸರು ಎತ್ತಿದರೆ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಪಂಡಿತ ತಾರಾನಾಥರು ಮಂಗಳೂರು ಕಡೆಯವರು, ಹೈದರಾಬಾದಿನಲ್ಲಿ ವೈದ್ಯಕೀಯ ಓದಿದವರು. 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಶುರು ಮಾಡಿದರು. ಅದಕ್ಕೆ ಎರಡು ವರ್ಷ ಮುಂಚೆ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತ್ತು. ಅಲ್ಲಿ ಕಲಿಸುವ ಭಾಷೆ ಉರ್ದು. ಸರಕಾರಿ ನೌಕರಿಯ ದಾರಿಯೂ ಅದೇ. ಅಂಥ ಹೊತ್ತಿನಲ್ಲಿ ಕನ್ನಡದ ಮಕ್ಕಳಿಗೆ ಅಂತ ತೆರೆದ ಶಾಲೆಗೆ ಅವರು ಇಟ್ಟದ್ದು ಉರ್ದು ಹೆಸರು, ಇನ್ನೊಬ್ಬರ ನೋವಿಗೆ ಮಿಡಿಯುವವ ಅಂತ ಅದರ ಅರ್ಥ. ಜಗಳಕ್ಕೆ ನಿಂತ ಹೆಸರಲ್ಲ ಅದು. ಆಮೇಲೆ ಅವರು ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದರು, 1942ರಲ್ಲಿ ತೀರಿಕೊಂಡರು. ಸರೋದ್ ವಾದಕ ರಾಜೀವ ತಾರಾನಾಥರು ಅವರ ಮಗ ಅಂದರೆ ಈಗಿನವರಿಗೆ ಬೇಗ ಗೊತ್ತಾಗುತ್ತದೆ. ಆ ಶಾಲೆಯಲ್ಲಿ ಕನ್ನಡ ಕಲಿತವರೂ, ಸರಕಾರಿ ಶಾಲೆಯಲ್ಲಿ ಉರ್ದು ಕಲಿತ ನಮ್ಮ ಕಾಕಾನಂಥವರೂ ಇದೇ ಓಣಿಗಳಲ್ಲಿ ಎದುರುಬದುರು ಬಂದು ಇದೇ ಅಂಗಡಿಗಳಲ್ಲಿ ಚಹಾ ಕುಡಿದರು. ಊರಿಗೆ ಎರಡೂ ಓದು ಬೇಕಾಗಿತ್ತು.

ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳಿಕೊಂಡು ಹೋಗುತ್ತಿದ್ದೆ. ಇವಳು ಕಟ್ಟೆಯ ಮೇಲೆ ಕೂತಿದ್ದ ಗಂಡಸರ ಸಾಲು ನೋಡುತ್ತಿದ್ದಳು.

ಹುಡುಗಿಯರ ದಾರಿ

"ಮಾಮ, ನೀವೆಲ್ಲಾ ಕಟ್ಟಿ ಮ್ಯಾಲೆ ಕುಂತು ಚಹಾ ಕುಡದ್ರಿ. ನಿಮ್ ಕ್ಲಾಸಿನ ಹುಡುಗ್ಯಾರು ಎಲ್ಲಿ ಕುಂತಿದ್ರು?"

ಎಲ್ಲೂ ಕೂತಿರಲಿಲ್ಲ. ನಾಲ್ಕೈದು ಮಂದಿ ಗುಂಪಾಗಿ ಬರುತ್ತಿದ್ದರು, ಗುಂಪಾಗಿ ಹೋಗುತ್ತಿದ್ದರು. ದಾರಿ ಅದೇ, ಓಣಿ ಅದೇ, ನಡಿಗೆ ಬೇರೆ. ನಿಲ್ಲುವಂತಿಲ್ಲ. ಯಾರೊಂದಿಗೆ ಮಾತಾಡಿದಳು ಅನ್ನುವ ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪುತ್ತಿತ್ತು. ನಮ್ಮ ಜೊತೆ ಓದಿದ ಒಬ್ಬಳು ಕಾಕಾನ ಓಣಿಯವಳೇ. ಅವಳ ಅಕ್ಷರ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಉರ್ದು ಅಕ್ಷರವೂ ಅಷ್ಟಿಷ್ಟು ಬರುತ್ತಿತ್ತು. ಕಾಕಾ ಒಂದು ಸಲವೂ ಅವಳನ್ನು ಕರೆಯಲಿಲ್ಲ. ಕರೆದಿದ್ದರೂ ಅವರ ಮನೆಯವರು ಕಳಿಸುತ್ತಿರಲಿಲ್ಲ.

ರೂಮಿನ ಕಥೆಯೂ ಅಷ್ಟೇ. ಕೋಟೆಯ ಸುತ್ತ ರೂಮು ಕೇಳಲು ಹೋದರೆ ಬಾಡಿಗೆಗಿಂತ ಮುಂಚೆ ಬರುತ್ತಿದ್ದ ಪ್ರಶ್ನೆ "ಯಾರ ಪೈಕಿ?", ಅಂದರೆ ಯಾವ ಜಾತಿ. ನನ್ನ ಗೆಳೆಯನೊಬ್ಬನಿಗೆ ಆ ಪ್ರಶ್ನೆಯ ನಂತರ ರೂಮು ಖಾಲಿ ಇಲ್ಲ ಅನ್ನುವ ಉತ್ತರ ಬಂತು, ಒಂದೇ ಓಣಿಯಲ್ಲಿ ಮೂರು ಮನೆಯಲ್ಲಿ. ಆಮೇಲೆ ಅವನು ಸರಕಾರಿ ಹಾಸ್ಟೆಲಿನಲ್ಲೇ ಉಳಿದ. ಅವನು ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ರಾಯಚೂರಿನ ಹಳೇ ಓಣಿಗಳ ಬಗ್ಗೆ ನಾನು ಹೀಗೆ ಬಾಯಿ ತುಂಬ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ, ಹೂಂ ಅನ್ನುವುದಿಲ್ಲ. ಅವನ ಕಾಲಿಗೆ ಈ ಊರು ನನ್ನಷ್ಟು ಹತ್ತಿರ ಇರಲಿಲ್ಲ, ನಕ್ಷೆಯಲ್ಲಿ ದೂರ ಅಷ್ಟೇ ಇದ್ದರೂ.

ಇವಳ ಲೆಕ್ಕ ಇನ್ನೂ ನೇರ. ಹಾಸ್ಟೆಲಿನಲ್ಲಿ ತನ್ನ ಜಾತಿ ಯಾರೂ ಕೇಳುವುದಿಲ್ಲ, ರೂಮಿನಲ್ಲಿ ಮೂರು ಜಿಲ್ಲೆಯ ಹುಡುಗಿಯರಿದ್ದಾರೆ, ರಾತ್ರಿ ಹನ್ನೊಂದಕ್ಕೂ ಕ್ಯಾಂಪಸ್ಸಿನೊಳಗೆ ನಡೆದಾಡಬಹುದು. "ನಿಮಗ ಊರು ಸಿಕ್ಕಿತ್ತು, ನಮಗ ಕಾಂಪೌಂಡ್ ಸಿಕ್ಕೈತಿ. ನನಗ ಕಾಂಪೌಂಡ್ ಸಾಕು ಮಾಮ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗಿನ ದೊಡ್ಡ ಸಂಸ್ಥೆಗಳು ಊರೊಳಗೆ ಹಿಡಿಸುವುದೂ ಇಲ್ಲ, ಅದು ಖರೆ. 2009ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು, ಅದಕ್ಕೆ ಹೊಲವೇ ಬೇಕು. 2019ರಲ್ಲಿ ಮಾಹಿತಿ ತಂತ್ರಜ್ಞಾನದ ಐಐಐಟಿ ಶುರುವಾಯಿತು. ವಿಶ್ವವಿದ್ಯಾಲಯ ಯರಗೇರಾದಲ್ಲಿದೆ. ಕೇಂದ್ರ ಸರಕಾರದ ದೊಡ್ಡ ವೈದ್ಯಕೀಯ ಸಂಸ್ಥೆ ಏಮ್ಸ್ ಬೇಕು ಅಂತ 2022ರಿಂದ ಹೋರಾಟ ನಡೆದಿದೆ. ಬಂದರೆ ಒಳ್ಳೆಯದು, ಬರಲಿ. ಈ ಜಿಲ್ಲೆ ಓದಿಗಾಗಿ ಕೇಳಿಕೊಂಡಷ್ಟು ಬೇರೆ ಯಾವುದಕ್ಕೂ ಕೇಳಿಕೊಂಡಿಲ್ಲ. ನನ್ನ ತಕರಾರು ಕ್ಯಾಂಪಸ್ ಎಲ್ಲಿದೆ ಅನ್ನುವುದಕ್ಕಿಂತ ಅಲ್ಲಿಂದ ಊರಿಗೆ ಏನು ಹರಿದು ಬರುತ್ತದೆ ಅನ್ನುವುದರ ಬಗ್ಗೆ. ಸಂಜೆ ಐದಕ್ಕೆ ಹೊರಟು ಎಂಟಕ್ಕೆ ತಿರುಗಿ ಬಿಡುವ ಒಂದು ಸಿಟಿ ಬಸ್ಸು ಇದ್ದರೂ ಅರ್ಧ ಕೆಲಸ ಆಗುತ್ತದೆ. ಕೋಟೆಯ ಹತ್ತಿರ ಹುಡುಗಿಯರು ಯಾರ ಕಣ್ಣಿಗೂ ಹೆದರದೆ ಒಂದು ಗಂಟೆ ಕೂರಬಹುದಾದ ವಾಚನಾಲಯ ಇದ್ದರೆ ಇನ್ನರ್ಧ.

ಒಂದು ವಾರ ಬಿಟ್ಟು ಇವಳಿಂದ ಫೋನಿಗೆ ಫೋಟೋ ಬಂತು. ರಜೆಗೆ ಊರಿಗೆ ಹೋದವಳು ಅವರ ಮನೆಯ ಟ್ರಂಕಿನಲ್ಲಿ ಕೈಯಾಡಿಸಿದ್ದಾಳೆ. ಮಡಿಕೆಬಿದ್ದ ಕಾಗದ, ಉರ್ದು ಬರಹ, ಮೂಲೆಯಲ್ಲಿ ಮಸಿ ಹರಡಿದ ಮೊಹರು. "ಇದನ್ನ ಯಾರ್ ಓದ್ತಾರ ಮಾಮ?" ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲಿ ಇಲ್ಲಿ ವಿಚಾರಿಸಿದೆ. ಕೋಟೆಯೊಳಗೆ ನಿವೃತ್ತ ಉರ್ದು ಮೇಷ್ಟ್ರು ಒಬ್ಬರು ಓದಿಕೊಡುತ್ತಾರೆ ಅಂತ ಗೊತ್ತಾಯಿತು. ಫೋನಿನಲ್ಲಿ ಮಾತಾಡಿದೆ. ಫೋಟೋದಲ್ಲಿ ಆಗುವುದಿಲ್ಲ, ಕಾಗದ ತರಬೇಕು, ಶುಕ್ರವಾರ ಭಾನುವಾರ ಬಿಟ್ಟು ಯಾವತ್ತಾದರೂ ಬೆಳಿಗ್ಗೆ ಹನ್ನೆರಡರೊಳಗೆ, ಬರೆದುಕೊಳ್ಳುವುದಕ್ಕೆ ಒಬ್ಬರು ಜೊತೆಗಿರಬೇಕು ಅಂದರು. ಆ ಹೊತ್ತಿಗೆ ಇವಳಿಗೆ ಕ್ಲಾಸು. ಶನಿವಾರ ಬೆಳಿಗ್ಗೆ ಲ್ಯಾಬು. ವಾರದ ದಿನ ಗೇಟು ದಾಟಬೇಕಾದರೆ ಮನೆಯವರ ಸಹಿ ಇರುವ ಪತ್ರ ಬೇಕಂತೆ, ಪತ್ರದಲ್ಲಿ ಕಾರಣ ಬರೆಯಬೇಕಂತೆ. ಕಾರಣ ಏನು ಬರೆಯಲಿ ಅಂತ ಅವರಪ್ಪ ನನ್ನನ್ನೇ ಕೇಳುತ್ತಿದ್ದಾರೆ.